ಬೆಂಗಳೂರಿನ ಮಾದಾವರದಲ್ಲಿರುವ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ 2,000 ಜನರ ಸಮ್ಮೇಳನಕ್ಕೆ ಎಷ್ಟು ಬಸ್ ಗೊತ್ತುಮಾಡಬೇಕು?

ತಲೆ ಎಣಿಸಿ ಬಸ್ ಗೊತ್ತುಮಾಡಬೇಡಿ. 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೂ ಬರುತ್ತಿದೆ. ನಿಲ್ದಾಣ ಬಿಐಇಸಿ ಪಕ್ಕದಲ್ಲೇ. ಯಶವಂತಪುರ, ಮೆಜೆಸ್ಟಿಕ್ ಕಡೆ ಉಳಿದುಕೊಂಡವರನ್ನೆಲ್ಲ ಅದಕ್ಕೇ ಹತ್ತಿಸಿ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ನಿಮ್ಮ ಬಸ್ಸು ಮೆಟ್ರೋವನ್ನು ಮೀರಿಸುವುದು ಅಷ್ಟರಲ್ಲೇ ಇದೆ. ಬಸ್ ಬೇಕಾಗುವುದು ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ, ಹಸಿರು ಮಾರ್ಗ ಆ ಕಡೆ ಹೋಗುವುದಿಲ್ಲ. ಹಾಗಾಗಿ ವಿಮಾನ ಬರುವ, ಹೊರಡುವ ಹೊತ್ತನ್ನು ನೋಂದಣಿ ಫಾರಂನಲ್ಲೇ ಕೇಳಿಬಿಡಿ. ಬಸ್ಸಿನ ಲೆಕ್ಕ ಅದರಿಂದಲೇ ಸಿಗುತ್ತದೆ.

ಬೆಳಿಗ್ಗೆ ಜನ ಚದುರಿಕೊಂಡು ಬರುತ್ತಾರೆ, ತೊಂದರೆಯಿಲ್ಲ. ಪೀಕಲಾಟವೆಲ್ಲ ಸಂಜೆಯದು. ಕೊನೆಯ ಗೋಷ್ಠಿ ಮುಗಿದದ್ದೇ ತಡ, ಎಲ್ಲರೂ ಒಮ್ಮೆಗೇ ಮೆಟ್ರೋ ಟಿಕೆಟ್ ಕೌಂಟರಿಗೆ ನುಗ್ಗುತ್ತಾರೆ. ವಾಪಸಿನ ಕ್ಯೂಆರ್ ಟಿಕೆಟನ್ನು ಊಟದ ಹೊತ್ತಿಗೇ ಫೋನಿನಲ್ಲಿ ತೆಗೆದಿಟ್ಟುಕೊಳ್ಳಲು ಹೇಳಿ. ಸಭಾಂಗಣಗಳನ್ನು ಅರ್ಧರ್ಧ ಗಂಟೆ ಹಿಂದೆಮುಂದೆ ಬಿಡಿ (ಭಾಷಣಕಾರರು ಬಿಟ್ಟರೆ!).