ಬಿಸ್ಕತ್ತಿನಲ್ಲಿ ಗಾಜಿನ ಚೂರು ಸಿಕ್ಕಿ ಬಾಯಿ ಕೊಯ್ದಿದೆ, ನಾಳೆ ಕಂಪನಿಯವರು ಮನೆಗೆ ಬರುತ್ತಾರೆ. ಎಷ್ಟು ಪರಿಹಾರ ಕೇಳಬಹುದು?

ದಯವಿಟ್ಟು ಆ ಚೂರನ್ನು ಅವರ ಕೈಗೆ ಕೊಡಬೇಡಿ. ಪರಿಹಾರದ ಮಾತು ಆಮೇಲೆ.

ನನ್ನದು ಖಾರದ ಮಿಶ್ರಣದ ಪೊಟ್ಟಣ. ಅಗಿಯುವಾಗ ಕಟಕ್ಕೆಂದು ಸದ್ದಾಯಿತು. ಬಾಯಿಂದ ತೆಗೆದು ನೋಡಿದರೆ ಒಂದು ತುದಿ ಕೊಕ್ಕೆಯಂತೆ ಬಾಗಿದ್ದ ತಂತಿಯ ತುಂಡು, ಜೊತೆಗೆ ನನ್ನದೇ ದವಡೆ ಹಲ್ಲಿನ ಚಕ್ಕೆ. ಪೊಟ್ಟಣದ ಮೇಲಿದ್ದ ಸಂಖ್ಯೆಗೆ ಕರೆ ಮಾಡಿದೆ. ಮರುದಿನವೇ ಪ್ರತಿನಿಧಿಯೊಬ್ಬರು ಬಂದರು. ಕ್ಷಮೆ ಕೇಳಿದರು, ನೋವು ಹೇಗಿದೆ ಎಂದು ವಿಚಾರಿಸಿದರು, ‘ನಮ್ಮ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಎಲ್ಲಿ ತಪ್ಪಾಯಿತೆಂದು ತಿಳಿಸುತ್ತೇವೆ’ ಎಂದರು. ನಾನು ತಂತಿ, ಉಳಿದ ತಿಂಡಿ, ಹರಿದ ಪೊಟ್ಟಣ ಎಲ್ಲವನ್ನೂ ಒಂದು ಕವರಿಗೆ ಹಾಕಿ ಕೊಟ್ಟುಬಿಟ್ಟೆ. ಒಂದು ರಸೀದಿಯನ್ನೂ ಕೇಳಲಿಲ್ಲ.

ಪ್ರಕರಣವನ್ನು ನಾನು ಸೋತದ್ದು ಅಲ್ಲಿಯೇ, ಆಮೇಲೆ ದೂರು ಕೊಟ್ಟ ಗ್ರಾಹಕ ಆಯೋಗದಲ್ಲಿ ಅಲ್ಲ. ಪದಾರ್ಥದಲ್ಲಿ ದೋಷವಿತ್ತೆಂದು ತೋರಿಸುವ ಹೊಣೆ ದೂರುದಾರರದು. ಪರೀಕ್ಷೆಯಿಲ್ಲದೆ ದೋಷ ತಿಳಿಯುವಂತಿಲ್ಲದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಆಯೋಗವೇ ಮಾದರಿ ಪಡೆದು, ಮೊಹರು ಹಾಕಿ, ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಕಳುಹಿಸಲು ನನ್ನ ಬಳಿ ಏನಿತ್ತು? ಬ್ಯಾಚ್ ಸಂಖ್ಯೆ ಕಾಣದ ಒಂದು ಫೋಟೊ. ಕಂಪನಿಯ ಬಳಿ ಅದರದ್ದೇ ಪ್ರಯೋಗಾಲಯದ ವರದಿಯಿತ್ತು: ಪೊಟ್ಟಣ ಕೈಸೇರಿದಾಗಲೇ ತೆರೆದಿತ್ತು, ತಂತಿ ನಮ್ಮ ಯಂತ್ರಗಳದ್ದಲ್ಲ, ಮಾಲು ಲೋಹಶೋಧಕವನ್ನು ದಾಟಿಯೇ ಹೊರಬೀಳುತ್ತದೆ. ಪರೀಕ್ಷೆ ಮುಗಿದ ಮೇಲೆ ತಂತಿಯನ್ನು ವಿಲೇವಾರಿ ಮಾಡಲಾಗಿದೆ ಎಂದೂ ಅದರಲ್ಲಿತ್ತು. ಬೇರೆ ಕಡೆ ಮರುಪರೀಕ್ಷೆ ಮಾಡಿಸೋಣವೆಂದರೆ ವಸ್ತುವೇ ಇಲ್ಲ! ದೂರು ವಜಾ ಆಯಿತು. ಬಂದವರ ಸೌಜನ್ಯ ನಾಟಕವೆಂದು ಈಗಲೂ ನಾನು ಹೇಳುವುದಿಲ್ಲ. ಆದರೆ ಯಾರ ಮೇಲೆ ದೂರೋ ಅವರ ಕೈಗೇ ಇದ್ದ ಒಂದೇ ಸಾಕ್ಷ್ಯವನ್ನು ಕೊಟ್ಟು ಕಳುಹಿಸಿದವನು ನಾನು.

ಕಾನೂನು ಓದಿದವರಿಗೆಲ್ಲ ಗೊತ್ತಿರುವ, ಬ್ರಿಟನ್ನಿನ ಡೊನೊಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣವಿದೆ. ಶುಂಠಿ ಪಾನೀಯದ ಬಾಟಲಿಯಲ್ಲಿ ಬಸವನಹುಳು ಸಿಕ್ಕಿತೆಂಬ ದೂರು. ತಯಾರಕರಿಗೆ ಬಳಕೆದಾರರ ಬಗ್ಗೆ ಎಚ್ಚರಿಕೆಯ ಹೊಣೆಯಿದೆ ಎಂದು 1932ರಲ್ಲಿ ತೀರ್ಮಾನವಾದದ್ದು ಅದರಲ್ಲಿಯೇ. ಹುಳು ನಿಜಕ್ಕೂ ಇತ್ತೇ ಎಂಬುದು ಮಾತ್ರ ಯಾವ ವಿಚಾರಣೆಯಲ್ಲೂ ಸಾಬೀತಾಗಲಿಲ್ಲ, ಅಷ್ಟರಲ್ಲಿ ರಾಜಿಯಾಯಿತು. ನಿಮ್ಮ ಗಾಜಿನ ಚೂರಿಗೆ ಆ ರಿಯಾಯಿತಿ ಸಿಗುವುದಿಲ್ಲ.

ಹಾಗಾಗಿ ‘ಎಷ್ಟು ಕೇಳಲಿ’ ಎಂಬಲ್ಲಿಂದ ಶುರು ಮಾಡುವುದೇ ತಪ್ಪೆಂದು ನನ್ನ ಖಚಿತ ಅಭಿಪ್ರಾಯ. 2006ರ ಆಹಾರ ಸುರಕ್ಷತೆ ಕಾಯ್ದೆಯ 65ನೇ ಸೆಕ್ಷನ್ ತೀವ್ರ ಗಾಯಕ್ಕೆ 3 ಲಕ್ಷ, ಉಳಿದ ಗಾಯಗಳಿಗೆ 1 ಲಕ್ಷ ರೂಪಾಯಿಯ ಮಿತಿ ಹಾಕಿದೆ. ಗ್ರಾಹಕ ಆಯೋಗಕ್ಕೆ ಆ ಮಿತಿಯಿಲ್ಲ, ಆದರೆ ಅಲ್ಲಿ ಪ್ರತಿ ರೂಪಾಯಿಗೂ ಕಾಗದ ಬೇಕು.

ಬರುವವರು ಚೂರನ್ನು ನಿಮ್ಮ ಮೇಜಿನ ಮೇಲೆಯೇ ನೋಡಲಿ, ಬೇಕಾದಷ್ಟು ಫೋಟೊ ತೆಗೆದುಕೊಳ್ಳಲಿ. ಅವರು ತರುವ ಯಾವ ಕಾಗದಕ್ಕೂ ಅಂದೇ ಸಹಿ ಹಾಕಬೇಡಿ. ಅದೇ ಬ್ಯಾಚಿನ ಒಡೆಯದ ಪೊಟ್ಟಣ ಅಂಗಡಿಯಲ್ಲಿ ಉಳಿದಿದ್ದರೆ ಈಗಲೇ ಹೋಗಿ ಬಿಲ್ ಸಮೇತ ಕೊಂಡು ತನ್ನಿ. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ವೈದ್ಯರ ಚೀಟಿಯನ್ನು ಇವತ್ತೇ ತೆಗೆದು ಓದಿ. ನನ್ನದರಲ್ಲಿ ‘ಹಲ್ಲು ಮುರಿದಿದೆ’ ಎಂದಷ್ಟೇ ಇತ್ತು, ಏನು ಕಚ್ಚಿ ಮುರಿಯಿತು ಎಂಬುದಿರಲಿಲ್ಲ. ಎದುರು ವಕೀಲರು ಅದನ್ನೇ ಹಿಡಿದರು. ನಿಮ್ಮದರಲ್ಲೂ ಕಾರಣ ಬರೆದಿರದಿದ್ದರೆ ಗಾಯ ಮಾಯುವ ಮೊದಲೇ ಮತ್ತೆ ಹೋಗಿ, ನಡೆದದ್ದನ್ನು ಹೇಳಿ ಬರೆಸಿಕೊಳ್ಳಿ. ದೂರು ಸಲ್ಲಿಸಲು ಎರಡು ವರ್ಷ ಕಾಲಾವಕಾಶವಿದೆ, ನೀವಿರುವ ಜಿಲ್ಲೆಯ ಆಯೋಗದಲ್ಲೇ ಸಲ್ಲಿಸಬಹುದು, ಬಿಸ್ಕತ್ತಿನ ಬೆಲೆಯ ಪ್ರಕರಣಕ್ಕೆ ಶುಲ್ಕವೂ ಇಲ್ಲ.