ದಿನಾ ಎರಡು ಗಂಟೆ ಇಂಗ್ಲಿಷ್ ಕೇಳಿದರೂ ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ 5.5 ದಾಟುತ್ತಿಲ್ಲ, ಏನು ಮಾಡಲಿ?

ನೀವು ಬರೆದಿರೋದು ಇಷ್ಟು: ಮಂಡ್ಯದಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ಬಿ.ಎಸ್ಸಿ. ನರ್ಸಿಂಗ್. ಇಂಗ್ಲೆಂಡಿಗೆ ಹೋಗೋ ಆಸೆ, ಅದಕ್ಕೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ. ದಿನಾ ಎರಡು ಗಂಟೆ ಇಂಗ್ಲಿಷ್ ನ್ಯೂಸು, ಸಿನಿಮಾ ಕೇಳ್ತೀರಿ, ಆದರೂ ಮೂರು ಮಾಕ್ ಟೆಸ್ಟಲ್ಲೂ ಕೇಳೋ ಭಾಗ, ಅಂದರೆ ಲಿಸನಿಂಗ್, ಒಂಬತ್ತಕ್ಕೆ 5.5. ಬೇಕಿರೋದು 7, ಇರೋದು ಎರಡು ತಿಂಗಳು. ಕೋಚಿಂಗಿಗೆ ಮೈಸೂರಿಗೆ ಓಡಾಡಬೇಕಾ ಅಂತಲೂ ಕೇಳಿದ್ದೀರಿ.

ಕೇಳೋ ಹೊತ್ತನ್ನು ಇನ್ನೂ ಹೆಚ್ಚಿಸಬೇಡಿ, ಅರ್ಧಕ್ಕೆ ಇಳಿಸಿ. ಎರಡು ಗಂಟೆ ನ್ಯೂಸ್ ಕೇಳಿದಾಗ ಕಿವಿಗೆ ಬಿದ್ದದ್ದು ಬಿತ್ತು, ಬೀಳದ್ದು ಬೀಳಲೇ ಇಲ್ಲ. ಏನು ಬೀಳಲಿಲ್ಲ ಅನ್ನೋದು ಗೊತ್ತೇ ಆಗಲ್ಲ. ಸಿನಿಮಾದಲ್ಲಂತೂ ಸಬ್‌ಟೈಟಲ್ ಓಡ್ತಿರುತ್ತೆ, ಕಣ್ಣು ಓದಿದ್ದನ್ನೇ ಕಿವಿ ಕೇಳಿತು ಅಂದುಕೊಂಡುಬಿಡ್ತೀವಿ. ನಿಮಗೆ ಬೇಕಾಗಿರೋದು ಒಂದು ನಿಮಿಷದ ಆಡಿಯೋವನ್ನು ಎಳೆ ಎಳೆಯಾಗಿ ಬಿಡಿಸೋ ಅಭ್ಯಾಸ.

ಪರೀಕ್ಷೆಯ ಲೆಕ್ಕ ಮೊದಲು ನೋಡಿ. ನಾಲ್ಕು ಭಾಗ, ಒಟ್ಟು 40 ಪ್ರಶ್ನೆ, ಸುಮಾರು 30 ನಿಮಿಷ, ಆಡಿಯೋ ಒಂದೇ ಸಲ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಯಾವ ಜಾಗವನ್ನೂ ಖಾಲಿ ಬಿಡಬಾರದು. 23 ಸರಿಯಿದ್ದರೆ ಹತ್ತಿರ ಹತ್ತಿರ 6, 30 ಸರಿಯಿದ್ದರೆ 7. ನೀವೀಗ ಇಪ್ಪತ್ತರ ಆಸುಪಾಸಿನಲ್ಲಿದ್ದೀರಿ. ಅಂದರೆ ಬೇಕಾಗಿರೋದು ಇನ್ನೊಂದು ಹತ್ತು ಉತ್ತರ. ಆ ಹತ್ತು ಎಲ್ಲಿ ಸೋರಿ ಹೋಗ್ತಿವೆ ಅಂತ ಹುಡುಕೋದೇ ಅಭ್ಯಾಸ.

ಹುಡುಕೋದು ಹೀಗೆ. ಕೇಂಬ್ರಿಡ್ಜ್‌ನವರು ಹೊರತರೋ ಪ್ರಶ್ನೆಪತ್ರಿಕೆಗಳ ಪುಸ್ತಕದಲ್ಲಿ ತಲಾ ನಾಲ್ಕು ಟೆಸ್ಟ್ ಇರುತ್ತೆ, ಆಡಿಯೋದಲ್ಲಿ ಆಡಿದ ಮಾತೆಲ್ಲ ಕೊನೆಯಲ್ಲಿ ಅಚ್ಚಾಗಿರುತ್ತೆ. ಒಂದು ದಿನಕ್ಕೆ ಒಂದೇ ಭಾಗ, ಹತ್ತೇ ಪ್ರಶ್ನೆ ತಗೊಳ್ಳಿ. ಮೊದಲ ಸಲ ಪರೀಕ್ಷೆ ಥರಾನೇ ನಿಲ್ಲಿಸದೆ ಕೇಳಿ ನೀಲಿ ಪೆನ್ನಲ್ಲಿ ಉತ್ತರ ಬರೆಯಿರಿ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಕೇಳಿ, ತಿದ್ದೋದನ್ನು ಕೆಂಪು ಪೆನ್ನಲ್ಲಿ ತಿದ್ದಿ. ಆಮೇಲೆ ಸರಿ ಉತ್ತರಗಳನ್ನಷ್ಟೇ ತಾಳೆ ನೋಡಿ, ತಪ್ಪಾದ ಉತ್ತರಗಳು ಬರೋ ಜಾಗದ ನಾಲ್ಕೈದು ವಾಕ್ಯಗಳನ್ನು, ಹೆಚ್ಚೆಂದರೆ 40 ಸೆಕೆಂಡಿನಷ್ಟನ್ನು, ಉಕ್ತಲೇಖನದ ಹಾಗೆ ಅಕ್ಷರಕ್ಕಕ್ಷರ ಬರೆಯಿರಿ. ಒಂದು ವಾಕ್ಯವನ್ನು ಐದು ಸಲ ಕೇಳಬಹುದು, ಅದಕ್ಕಿಂತ ಜಾಸ್ತಿ ಬೇಡ. ಕೇಳಿಸದ ಕಡೆ ಗೆರೆ ಎಳೆದು ಮುಂದಕ್ಕೆ ಹೋಗಿ. ಇಷ್ಟಾದ ಮೇಲೆ ಮಾತ್ರ ಕೊನೆಯಲ್ಲಿ ಅಚ್ಚಾಗಿರೋ ಮಾತುಗಳನ್ನು ತೆಗೆದು ಹೋಲಿಸಬೇಕು. ಮೊದಲೇ ಓದಿಬಿಟ್ಟರೆ ಆ ಆಡಿಯೋ ಕೆಟ್ಟಂತೆ. ಓದಿದ ಮೇಲೆ ಎಲ್ಲವೂ ಚೆನ್ನಾಗಿ ಕೇಳಿಸುತ್ತೆ, ಕಲಿತದ್ದು ಮಾತ್ರ ಏನೂ ಇರಲ್ಲ.

ಈಗ ಪ್ರತಿ ತಪ್ಪಿನ ಪಕ್ಕ ಒಂದು ಅಕ್ಷರ ಹಾಕಿ. ಗೊತ್ತಿರೋ ಪದವೇ ಕೇಳಿಸದಿದ್ದರೆ 'ಶ' (ಶಬ್ದ), ಪದವೇ ಗೊತ್ತಿಲ್ಲದಿದ್ದರೆ 'ಪ', ಮೊದಲು ಒಂದು ಹೇಳಿ ಆಮೇಲೆ ಬದಲಾಯಿಸಿದ್ದಕ್ಕೆ ಮೋಸ ಹೋಗಿದ್ದರೆ 'ಮ', ಆಡಿಯೋ ಮುಂದೆ ಹೋಗಿ ನೀವು ಹಿಂದೆ ಉಳಿದಿದ್ದರೆ 'ಹ', ಸ್ಪೆಲಿಂಗ್ ಆದರೆ 'ಸ'. ಎರಡು ವಾರ ಆದಮೇಲೆ ಎಣಿಸಿ. ನಿಮ್ಮ ಹಾಗೆ ಓದೋದು ಚೆನ್ನಾಗಿದ್ದು ಕೇಳೋದು ಹಿಂದೆ ಬಿದ್ದವರಿಗೆ ಸಾಮಾನ್ಯವಾಗಿ 'ಶ' ರಾಶಿ ಬಿದ್ದಿರುತ್ತೆ, ಅದಕ್ಕೇ ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

ಕನ್ನಡದಲ್ಲಿ ಬರೆದ ಅಕ್ಷರಕ್ಕೆಲ್ಲ ಸರಿಸಮ ಬೆಲೆ. ಇಂಗ್ಲಿಷಿನವರು ಮುಖ್ಯವಾದ ಪದವನ್ನು ಒತ್ತಿ ಹೇಳಿ, ಮಿಕ್ಕಿದ್ದನ್ನು ನುಂಗಿಬಿಡ್ತಾರೆ. ಉದಾಹರಣೆಗೆ ಈ ವಾಕ್ಯ ತಗೊಳ್ಳಿ: 'ಇಟ್ ಯೂಸ್ಡ್ ಟು ಬಿ ಎ ಕಾರ್ ಪಾರ್ಕ್, ಬಟ್ ದೇ ಹ್ಯಾವ್ ಟರ್ನ್ಡ್ ಇಟ್ ಇಂಟು ಎ ಗಾರ್ಡನ್.' ಲಂಡನ್ ಕಡೆಯವರ ಬಾಯಲ್ಲಿ ಇದು 'ಇಟ್ಯೂಸ್ಟಬಿಯ ಕಾಪಾಕ್, ಬದ್ದೇವ್ ಟಂಡಿಟಿಂಟುಅ ಗಾಡನ್' ಆಗುತ್ತೆ. ರಕಾರವೇ ಇಲ್ಲ. 'ಹ್ಯಾವ್' ಅನ್ನೋದರಲ್ಲಿ ಉಳಿದಿರೋದು ಬರೀ ಒಂದು 'ವ್'. 'ಯೂಸ್ಟ' ಕಿವಿಗೆ ಬೀಳದಿದ್ದರೆ ನೀವು ಕಾರ್ ಪಾರ್ಕ್ ಅಂತ ಬರೆದು ಬರ್ತೀರಿ. ಅದು ಮೊದಲಿದ್ದದ್ದು, ಈಗಿರೋದು ಗಾರ್ಡನ್. ಇದೇನೂ ವಿಚಿತ್ರ ಅಲ್ಲ. ಪುಸ್ತಕದಿಂದ 'ಎಲ್ಲಿಗೆ ಹೋಗುತ್ತಿದ್ದೀಯ' ಅಂತ ಕನ್ನಡ ಕಲಿತವನು ಮಂಡ್ಯ ಬಸ್ ಸ್ಟ್ಯಾಂಡಲ್ಲಿ 'ಎಲ್ಗೋಯ್ತಿದ್ದೀಯಾ' ಕೇಳಿದರೆ ಅವನಿಗೂ ಇದೇ ಪಾಡು. ಅವನಿಗೆ ಪದ ಗೊತ್ತಿದೆ, ಪದ ಕರಗಿದ ರೂಪ ಗೊತ್ತಿಲ್ಲ.

ಇದಕ್ಕೆ ಮದ್ದು ಬಾಯಿ. ಉಕ್ತಲೇಖನ ಸರಿ ಹೋಲಿಸಿದ ಮೇಲೆ, ಆ 40 ಸೆಕೆಂಡನ್ನು ಆಡಿಯೋ ಜೊತೆ ಜೊತೆಗೇ, ಅದೇ ವೇಗದಲ್ಲಿ, ಅದೇ ನುಂಗಾಟದೊಂದಿಗೆ ಗಟ್ಟಿಯಾಗಿ ಹೇಳಿ. ಹತ್ತು ಸಲ ಹೇಳಿ. ಬಾಯಿಗೆ ಬಂದ ರೂಪವನ್ನು ಕಿವಿ ಸುಲಭಕ್ಕೆ ಬಿಡಲ್ಲ. ಇಷ್ಟೆಲ್ಲ ಸೇರಿ ದಿನಕ್ಕೆ 45 ನಿಮಿಷದಿಂದ ಒಂದು ಗಂಟೆ ಸಾಕು.

ಪದದ ಬಾಲ ಇನ್ನೊಂದು ಸಮಸ್ಯೆ. ನಮ್ಮ ಬಾಯಲ್ಲಿ ಬಸ್ ಬಸ್ಸಾಗುತ್ತೆ, ಬುಕ್ ಬುಕ್ಕಾಗುತ್ತೆ, ಯಾಕೆಂದರೆ ಕನ್ನಡದ ಪದ ಸ್ವರದಲ್ಲಿ ಮುಗಿಯಬೇಕು ಅನ್ಸುತ್ತೆ. ಹಾಗಾಗಿ ವ್ಯಂಜನದಲ್ಲೇ ನಿಂತುಬಿಡೋ ಪದದ ಕೊನೆಯ 'ಸ್', 'ಟ್', 'ಡ್' ಕಡೆ ಕಿವಿ ಗಮನವನ್ನೇ ಕೊಡಲ್ಲ. 'ಟಿಕೆಟ್ಸ್' ಅಂದದ್ದನ್ನು 'ಟಿಕೆಟ್' ಅಂತ ಬರೆದರೆ ಅಂಕ ಹೋಯಿತು. ಪ್ರಶ್ನೆ ಓದೋವಾಗಲೇ ಖಾಲಿ ಜಾಗಕ್ಕಿಂತ ಮುಂಚೆ 'ಎ' ಅಥವಾ 'ಆ್ಯನ್' ಇದೆಯಾ, ಸಂಖ್ಯೆ ಇದೆಯಾ ನೋಡಿಕೊಳ್ಳಿ. ಏಕವಚನವಾ ಬಹುವಚನವಾ ಅಂತ ಅರ್ಧ ಅಲ್ಲೇ ಗೊತ್ತಾಗುತ್ತೆ.

ಮೊದಲ ಭಾಗ ಸುಲಭ ಅಂತ ಎಲ್ಲರೂ ಹೇಳ್ತಾರೆ. ಇಬ್ಬರು ಮಾತಾಡ್ತಾರೆ, ಹೆಸರು, ವಿಳಾಸ, ತಾರೀಕು, ದುಡ್ಡು, ಅಷ್ಟೇ. ಆದರೆ ಪೂರ್ತಿ ಹತ್ತು ತೆಗೆಯಬೇಕಾದ ಜಾಗವೇ ಇದು. ಇಂಗ್ಲೆಂಡಿನ ಪಿನ್‌ಕೋಡಲ್ಲಿ ಅಕ್ಷರ, ಅಂಕಿ ಎರಡೂ ಬೆರೆತಿರುತ್ತೆ. 'ಏ', 'ಏಚ್', 'ಏಟ್' ಮೂರೂ ಒಂದೇ ಸದ್ದಲ್ಲಿ ಶುರು. ಆಸ್ಟ್ರೇಲಿಯಾದವರ 'ಏ' ನಮಗೆ 'ಐ' ಥರ ಕೇಳುತ್ತೆ. ಫೋನ್ ನಂಬರಲ್ಲಿ ಸೊನ್ನೆಯನ್ನು 'ಓ' ಅಂತಾರೆ. 'ಥರ್ಟೀನ್'ನಲ್ಲಿ ಒತ್ತು ಕೊನೆಗೆ, 'ಥರ್ಟಿ'ಯಲ್ಲಿ ಮೊದಲಿಗೆ, ಅದನ್ನೇ ಹಿಡಿಯಬೇಕು. 'ಕ್ವಾರ್ಟರ್ ಟು ಸೆವೆನ್' ಅಂದರೆ ನಮ್ಮ ಲೆಕ್ಕದಲ್ಲಿ ಆರೂ ಮುಕ್ಕಾಲು. ಕಿವಿಗೆ ಬಿದ್ದದ್ದು ಏಳು, ಬರೆಯಬೇಕಾದದ್ದು 6.45. ಕೆಲವರು 'ಹಾಫ್ ಸೆವೆನ್' ಅಂತಾರೆ, ಅದು ಏಳೂವರೆ. ಅಕ್ಷರ-ಅಂಕಿ ಬೆರೆಸಿದ 20 ಸಾಲು ನೀವೇ ಬರೆದು, ಫೋನಿನ ಓದಿ ಹೇಳೋ ಸೌಲಭ್ಯದಲ್ಲಿ ಬ್ರಿಟಿಷ್ ದನಿ, ಆಸ್ಟ್ರೇಲಿಯನ್ ದನಿ ಆರಿಸಿ ಓದಿಸಿ, ಮಾರನೇ ದಿನ ಕೇಳಿ ಬರೆಯಿರಿ. ಹತ್ತು ದಿನದಲ್ಲಿ ಈ ತೊಂದರೆ ಬಗೆಹರಿಯುತ್ತೆ.

ಎರಡನೇ ಭಾಗದಲ್ಲಿ ನಕ್ಷೆ ಬರಬಹುದು. ಅದರಲ್ಲಿ ಎಡ-ಬಲ ಸಾಮಾನ್ಯವಾಗಿ ನಡೆದು ಹೋಗ್ತಿರೋನ ಎಡ-ಬಲ, ಕಾಗದ ನೋಡ್ತಿರೋ ನಿಮ್ಮದಲ್ಲ. ಮೈಸೂರಿನ ಕೆ.ಆರ್. ಸರ್ಕಲ್ ಸುತ್ತ ಒಂದು ನಕ್ಷೆ ಬರೆದುಕೊಳ್ಳಿ. ಸರ್ಕಲ್ಲಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಉತ್ತರಕ್ಕೆ ನಡೆದರೆ ದೇವರಾಜ ಮಾರುಕಟ್ಟೆ ಎಡಕ್ಕೆ, ವಾಪಸ್ ಬರೋವಾಗ ಬಲಕ್ಕೆ. ಇದನ್ನೇ ಇಂಗ್ಲಿಷಲ್ಲಿ 'ಆಪೋಸಿಟ್', 'ಅಟ್ ದಿ ಫಾರ್ ಎಂಡ್', 'ಜಸ್ಟ್ ಪಾಸ್ಟ್', 'ಆನ್ ದಿ ಕಾರ್ನರ್' ಹಾಕಿ ಬಾಯಲ್ಲಿ ಹೇಳಿ, ಬೆರಳನ್ನು ನಕ್ಷೆ ಮೇಲೆ ಓಡಿಸಿ. ಪರೀಕ್ಷೆಯಲ್ಲೂ ಬೆರಳೋ ಮೌಸೋ ದಾರಿ ಮೇಲೆ ಜೊತೆಗೇ ಓಡ್ತಿರಬೇಕು.

ಮೂರನೇ ಭಾಗದ ಆಯ್ಕೆ ಪ್ರಶ್ನೆಗಳಲ್ಲಿ 'ಮ' ಜಾಸ್ತಿ ಬೀಳುತ್ತೆ. ಎ, ಬಿ, ಸಿ ಮೂರರ ಮಾತೂ ಸಾಮಾನ್ಯವಾಗಿ ಆಡಿಯೋದಲ್ಲಿ ಬರುತ್ತೆ. ಪ್ರಶ್ನೆಯಲ್ಲಿರೋ ಪದವೇ ಹಾಗ್ಹಾಗೇ ಕೇಳಿಸಿತು ಅಂದರೆ ಖುಷಿ ಪಡೋ ಬದಲು ಅನುಮಾನ ಪಡಿ. ಸರಿ ಉತ್ತರವನ್ನು ಬೇರೆ ಮಾತಲ್ಲಿ ಸುತ್ತಿಟ್ಟಿರ್ತಾರೆ. ಪ್ರಶ್ನೆಯಲ್ಲಿ 'ಚೀಪ್' ಇದ್ದರೆ ಮಾತಲ್ಲಿ 'ಡಿಡಂಟ್ ಕಾಸ್ಟ್ ಮಚ್' ಅಂತ ಬರುತ್ತೆ. 'ವೆಲ್...' ಅಂತ ಎಳೆದರೆ ಸಾಮಾನ್ಯವಾಗಿ ಒಪ್ಪಿಲ್ಲ ಅಂತ ಅರ್ಥ.

ನಾಲ್ಕನೆಯದು ಕಾಲೇಜಿನ ಪಾಠದ ಥರ, ನಡುವೆ ಬಿಡುವೂ ಇಲ್ಲ. ಕನ್ನಡ ಮಾಧ್ಯಮದವರಿಗೆ ಇಲ್ಲಿ 'ಪ' ಬೀಳುತ್ತೆ, ಆದರೆ ಅದು ವಿಷಯ ಗೊತ್ತಿಲ್ಲದ್ದರಿಂದ ಅಲ್ಲ. ದ್ಯುತಿಸಂಶ್ಲೇಷಣೆ, ಸವೆತ, ನೀರಾವರಿ ಎಲ್ಲ ನಿಮಗೆ ಗೊತ್ತು, ಅವುಗಳ ಇಂಗ್ಲಿಷ್ ಹೆಸರು ಕಿವಿಗೆ ಪರಿಚಯ ಇಲ್ಲ ಅಷ್ಟೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ 8ರಿಂದ 10ನೇ ತರಗತಿಯ ವಿಜ್ಞಾನ, ಸಮಾಜ ಪುಸ್ತಕಗಳು ಎರಡೂ ಮಾಧ್ಯಮದಲ್ಲಿ ಪುಕ್ಕಟೆ ಸಿಗುತ್ತವೆ. ಅದೇ ಅಧ್ಯಾಯವನ್ನು ಅಕ್ಕಪಕ್ಕ ಇಟ್ಟು ದಿನಕ್ಕೆ ಹತ್ತು ಪದ ತೆಗೆಯಿರಿ, ಪ್ರತಿಯೊಂದರ ಉಚ್ಚಾರಣೆಯನ್ನೂ ಫೋನಲ್ಲಿ ಕೇಳಿ. ಕಣ್ಣಿಗೆ ಮಾತ್ರ ಗೊತ್ತಿರೋ ಪದ ಇಲ್ಲಿ ಕೆಲಸಕ್ಕೆ ಬರಲ್ಲ.

'ಹ'ಕ್ಕೆ, ಅಂದರೆ ಹಿಂದೆ ಉಳಿಯೋದಕ್ಕೆ, ಒಂದೇ ನಿಯಮ. ಉತ್ತರಗಳು ಪ್ರಶ್ನೆಯ ಕ್ರಮದಲ್ಲೇ ಬರುತ್ತವೆ, ಹಾಗಾಗಿ ಯಾವಾಗಲೂ ಎರಡು ಪ್ರಶ್ನೆ ಮೇಲೆ ಕಣ್ಣಿರಲಿ. 15 ಕೇಳಿಸುವ ಮುಂಚೆಯೇ 16ರ ಮಾತು ಬಂದರೆ 15ನ್ನು ಅಲ್ಲೇ ಬಿಟ್ಟುಬಿಡಿ. ಒಂದನ್ನು ನೆನೆಸಿಕೊಳ್ತಾ ಕೂತರೆ ಮೂರು ಹೋಗುತ್ತೆ.

ಸ್ಪೆಲಿಂಗಿಗೆ ಬ್ರಿಟಿಷ್ ರೂಪ, ಅಮೆರಿಕನ್ ರೂಪ ಯಾವುದಾದರೂ ನಡೆಯುತ್ತೆ, ತಪ್ಪು ನಡೆಯಲ್ಲ. ಅಕಾಮಡೇಷನ್‌ಗೆ ಎರಡು ಸಿ ಎರಡು ಎಂ, ವೆನ್ಸ್‌ಡೇ ನಡುವೆ ಕೇಳಿಸದ ಡಿ, ಗವರ್ನಮೆಂಟ್‌ನಲ್ಲಿ ಎಂ ಮುಂಚೆ ಎನ್. ಎರಡೇ ಪದ ಬರೆಯಿರಿ ಅಂದ ಕಡೆ ಮೂರು ಬರೆದರೆ ಉತ್ತರ ಸರಿಯಿದ್ದರೂ ಅಂಕ ಇಲ್ಲ. ಕಂಪ್ಯೂಟರಿನಲ್ಲಿ ಬರೆಯೋರಿಗೆ ಕೊನೆಗೆ ನೋಡಿಕೊಳ್ಳಲು ಸಿಗೋದು 2 ನಿಮಿಷ, ಪೇಪರಿನಲ್ಲಾದರೆ ಉತ್ತರ ಇಳಿಸಲು 10 ನಿಮಿಷ. ಬುಕ್ ಮಾಡೋವಾಗ ಯಾವುದು ಅಂತ ನೋಡಿಕೊಂಡು ಹಾಗೇ ಅಭ್ಯಾಸ ಮಾಡಿ.

ಪೂರ್ತಿ ಟೆಸ್ಟ್ ವಾರಕ್ಕೆ ಒಂದೇ, ಭಾನುವಾರ ಬೆಳಿಗ್ಗೆ. ದಿನಾ ಒಂದು ಮಾಡಿದರೆ ಒಳ್ಳೇ ಪ್ರಶ್ನೆಪತ್ರಿಕೆಗಳು ತಿಂಗಳಲ್ಲಿ ಮುಗಿದುಹೋಗುತ್ತವೆ, ಅಂಕ ಅಲ್ಲೇ ಇರುತ್ತೆ.

ಒಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಹೆಡ್‌ಫೋನ್ ಹಾಕಿ ನಿಧಾನಕ್ಕೆ ಓಡಿಸಿದರೂ 'ಸ್', 'ಫ್', 'ಥ್' ಸದ್ದು ಕೇಳಿಸ್ತಿಲ್ಲ, ಅಥವಾ ಒಂದು ಕಿವೀಲಿ ಮಂದ ಅನ್ನಿಸಿದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಶ್ರವಣ ಪರೀಕ್ಷೆ ಮಾಡಿಸಿ. ಇಂಥ ತೀಕ್ಷ್ಣವಾದ (ಹೈ ಪಿಚ್) ಸದ್ದುಗಳಷ್ಟೇ ಕಮ್ಮಿ ಕೇಳಿಸೋ ತೊಂದರೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ದಾರಿ ಸಿಗಲ್ಲ.

ನರ್ಸಿಂಗ್ ಓದಿರೋದರಿಂದ ಒಇಟಿಯನ್ನೂ, ಅಂದರೆ ಆರೋಗ್ಯ ಕ್ಷೇತ್ರದವರಿಗೇ ಅಂತ ಇರೋ ಇಂಗ್ಲಿಷ್ ಪರೀಕ್ಷೆಯನ್ನೂ, ಒಮ್ಮೆ ನೋಡಿ. ಇಂಗ್ಲೆಂಡಿನ ನರ್ಸಿಂಗ್ ಕೌನ್ಸಿಲ್ ಎರಡನ್ನೂ ಒಪ್ಪುತ್ತೆ. ಅದರ ಲಿಸನಿಂಗ್‌ನಲ್ಲಿ 42 ಪ್ರಶ್ನೆ, ಅದರಲ್ಲಿ 24 ರೋಗಿಯ ಜೊತೆಗಿನ ಮಾತುಕತೆ ಕೇಳಿ ಟಿಪ್ಪಣಿ ತುಂಬೋದು. ವಾರ್ಡಿನ ಮಾತು ನಿಮಗೆ ಪರಿಚಯದ್ದು. ಎರಡರ ಮಾದರಿ ಪ್ರಶ್ನೆಪತ್ರಿಕೆಯನ್ನೂ ಒಂದೊಂದು ಸಲ ಬರೆದು ನೋಡಿ ತೀರ್ಮಾನ ಮಾಡಿ.

ಕೋಚಿಂಗ್ ವಿಷಯ. ಸೇರೋ ಮುಂಚೆ ಒಂದು ಡೆಮೊ ಕ್ಲಾಸಿಗೆ ಕೂತು ಒಂದೇ ಒಂದನ್ನು ಗಮನಿಸಿ: ಟೆಸ್ಟ್ ಆದಮೇಲೆ ಬರೀ ಉತ್ತರ ಓದಿ ಹೇಳಿ ಕಳಿಸ್ತಾರಾ, ಇಲ್ಲ ತಪ್ಪಾದ ಜಾಗವನ್ನು ಮತ್ತೆ ಹಾಕಿ ಯಾಕೆ ತಪ್ಪಾಯಿತು ಅಂತ ಬಿಡಿಸ್ತಾರಾ? ಮೊದಲನೆಯದಾದರೆ ಮನೆಯಲ್ಲೇ ಮಾಡಿಕೊಳ್ಳಿ. ಎರಡನೆಯದಾದರೆ ವಾರಕ್ಕೆ ಎರಡು ದಿನ ಹೋಗಿಬನ್ನಿ. ರೈಲಿನ ಗದ್ದಲದಲ್ಲಿ ಹೊಸ ಆಡಿಯೋ ಹಾಕಬೇಡಿ, ಹಿಂದಿನ ವಾರ ಬಿಡಿಸಿದ 40 ಸೆಕೆಂಡಿನ ತುಣುಕುಗಳನ್ನು ಒಂದಾದ ಮೇಲೊಂದು ಹಾಕಿಕೊಂಡು, ತುಟಿಯಲ್ಲೇ ಜೊತೆಗೆ ಹೇಳ್ತಾ ಹೋಗಿ. ಮಂಡ್ಯದಿಂದ ಮೈಸೂರು ಮುಟ್ಟೋ ಹೊತ್ತಿಗೆ ವಾರದ್ದೆಲ್ಲ ಒಂದು ಸುತ್ತು ಮುಗಿದಿರುತ್ತೆ.