ಕಟ್ಟುಗಟ್ಟಲೆ ಸೆಲ್ ಕೊಳ್ಳುವ ಮುಂಚೆ

ಕಾರ್ಟೂನ್ ಸೆಲ್ ಸಂಗ್ರಹದ ಬಗ್ಗೆ ಈ ಸಲ ಕೊಡಗಿನಿಂದ ಜಾಸ್ತಿ ಪತ್ರ ಬಂದಿವೆ. ಹೊಸಬರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಕಂಪ್ಯೂಟರ್ ಬರುವ ಮುಂಚೆ ಅನಿಮೇಷನ್ ಮಾಡುವವರು ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆದು, ಹಿಂಬದಿಗೆ ಬಣ್ಣ ತುಂಬಿ, ಅದನ್ನು ಹಿನ್ನೆಲೆ ಚಿತ್ರದ ಮೇಲಿಟ್ಟು ಕ್ಯಾಮೆರಾದಲ್ಲಿ ಒಂದೊಂದೇ ಫ್ರೇಮ್ ತೆಗೆಯುತ್ತಿದ್ದರು. ಆ ಹಾಳೆಯೇ ಸೆಲ್. 1914ರಲ್ಲಿ ಅಮೆರಿಕದ ಅರ್ಲ್ ಹರ್ಡ್ ಈ ಪದ್ಧತಿಗೆ ಪೇಟೆಂಟ್ ಕೇಳಿದ. ಹೆಚ್ಚುಕಡಿಮೆ ಇಡೀ ಇಪ್ಪತ್ತನೇ ಶತಮಾನದ ಕಾರ್ಟೂನ್‌ಗಳು ಹೀಗೇ ತಯಾರಾದವು. ಇನ್ನು ಪ್ರಶ್ನೆಗಳು.

ಜಪಾನಿನ ಹರಾಜಿನಲ್ಲಿ ಹಳೇ ಟೀವಿ ಅನಿಮೆಯ (ಜಪಾನಿ ಕಾರ್ಟೂನ್) ನಲವತ್ತು ಸೆಲ್‌ಗಳ ಲಾಟ್ ಬಂದಿದೆ. ಒಂದು ಒಳ್ಳೆ ಸೆಲ್ ಬಿಡಿಯಾಗಿ ಕೊಳ್ಳುವ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಇಡೀ ಲಾಟ್ ಬರುತ್ತದೆ. ಫೋಟೋ ಮಾತ್ರ ನಾಲ್ಕೇ ಹಾಕಿದ್ದಾರೆ. ತಗೊಳ್ಳಬಹುದಾ ಮೇಡಂ?
— ಓದುಗರು, ಸುಂಟಿಕೊಪ್ಪ

ನಾಲ್ಕು ಫೋಟೋ ನೋಡಿ ನಲವತ್ತು ಹಾಳೆಗೆ ದುಡ್ಡು ಕಟ್ಟಬೇಡಿ. ಮೊದಲು ಉಳಿದ ಮೂವತ್ತಾರು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ, ಆ ನಾಲ್ಕಕ್ಕೆ ಮಾತ್ರ ನೀವು ಎಷ್ಟು ಕೊಡುತ್ತಿದ್ದಿರೋ ಅಷ್ಟಕ್ಕೇ ಕೂಗಿ ಸುಮ್ಮನಾಗಿ.

ಲಾಟ್ ಯಾಕೆ ಅಗ್ಗ ಅನ್ನುವುದು ಅರ್ಥವಾದರೆ ಅರ್ಧ ಕೆಲಸ ಆದ ಹಾಗೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಟೀವಿ ಅನಿಮೆಯಲ್ಲಿ ಒಂದೊಂದು ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ಹಿಡಿದು ನಿಲ್ಲಿಸುತ್ತಾರೆ. ಹಾಗಿದ್ದರೂ ಓಡಾಟ ಇರುವ ಕಡೆ ಸೆಕೆಂಡಿಗೆ ಎಂಟರಿಂದ ಹನ್ನೆರಡು ಚಿತ್ರ ಬೇಕು. ಹುಡುಗಿಯೊಬ್ಬಳು ತಿರುಗಿ ನೋಡುವ ಒಂದೇ ದೃಶ್ಯದಿಂದ ಇಪ್ಪತ್ತು ಹಾಳೆ ಹುಟ್ಟುತ್ತವೆ. ಅದರಲ್ಲಿ ಮುಖ ಚೆನ್ನಾಗಿ ಕಾಣುವುದು, ಕಣ್ಣು ಪೂರ್ತಿ ತೆರೆದಿರುವುದು ಒಂದೆರಡು ಅಷ್ಟೇ. ಉಳಿದವು ಅರ್ಧ ಮುಚ್ಚಿದ ರೆಪ್ಪೆ, ಬೆನ್ನು, ಹಾರುವ ಕೂದಲು. ಚೆಂದದ್ದನ್ನು ವ್ಯಾಪಾರಿ ಮೊದಲೇ ಬಿಡಿಯಾಗಿ ಮಾರಿರುತ್ತಾನೆ, ಮಿಕ್ಕಿದ್ದು ಲಾಟ್ ಆಗುತ್ತದೆ. ಎಲ್ಲಾ ಲಾಟೂ ಹೀಗೇ ಅಂತ ಹೇಳುತ್ತಿಲ್ಲ. ಯಾರೋ ಸಂಗ್ರಹಕಾರರು ಮನೆ ಖಾಲಿ ಮಾಡುವಾಗ ಕೈ ಹಾಕದೆ ಬಂದ ಲಾಟ್‌ಗಳೂ ಇರುತ್ತವೆ, ಅಂಥವು ನಿಜಕ್ಕೂ ಚಿನ್ನ.

ಇನ್ನೊಂದು ವಿಷಯ ಪದರದ್ದು. ಒಂದು ಫ್ರೇಮ್‌ಗೆ ಎರಡು ಮೂರು ಸೆಲ್ ಒಂದರ ಮೇಲೊಂದು ಇಟ್ಟಿರುತ್ತಾರೆ. ಮೈ ಒಂದು ಹಾಳೆಯಲ್ಲಿ, ಬಾಯಿ ಮಾತ್ರ ಇನ್ನೊಂದರಲ್ಲಿ. ಪಾತ್ರ ಮಾತಾಡುವಾಗ ಮೈ ಹಾಗೇ ಇರುತ್ತದೆ, ಬಾಯಿಯ ಹಾಳೆ ಮಾತ್ರ ಬದಲಾಗುತ್ತದೆ. ಮಾರುವವರು ಆ ಬಾಯಿಯ ತುಂಡನ್ನೂ ಒಂದು ಸೆಲ್ ಅಂತಲೇ ಎಣಿಸುತ್ತಾರೆ. ದೊಡ್ಡ ಹಾಳೆಯ ನಡುವೆ ಉಗುರಿನಷ್ಟು ಗುಲಾಬಿ ಬಣ್ಣ, ಅಷ್ಟೇ ಇರುತ್ತದೆ! ಹಾಳೆಯ ಮೂಲೆ ನೋಡಿ. ಎ 3, ಬಿ 7 ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತದೆ. ಅಕ್ಷರ ಯಾವ ಪದರ ಅಂತ ಹೇಳುತ್ತದೆ, ಅಂಕಿ ಎಷ್ಟನೆಯದು ಅಂತ. ಲಾಟ್‌ನಲ್ಲಿ ಬರೀ ಬಿ, ಸಿ ಇದ್ದು ಎ ಪದರವೇ ಇಲ್ಲದಿದ್ದರೆ ನಿಮಗೆ ಬರುವುದು ಮೈಯಿಲ್ಲದ ಬಾಯಿಗಳು.

ನಮ್ಮ ಕಡೆ ರೋಬಸ್ಟಾ ಚೆರಿ ಮಾರುವವರಿಗೆ ಔಟ್‌ಟರ್ನ್ ಲೆಕ್ಕ ಹೊಸತಲ್ಲ. ಚೀಲ ಐವತ್ತು ಕೆಜಿ ತೂಗಬಹುದು, ಆದರೆ ಬೆಲೆ ನಿಲ್ಲುವುದು ಸಿಪ್ಪೆ ಹೋಗಿ ಬೀಜ ಎಷ್ಟು ಸಿಗುತ್ತದೆ ಅನ್ನುವುದರ ಮೇಲೆ. ಲಾಟ್‌ಗೂ ಹಾಗೇ ಔಟ್‌ಟರ್ನ್ ಹಾಕಿ. ಉದಾಹರಣೆಗೆ ನಲವತ್ತರಲ್ಲಿ ಹದಿನಾಲ್ಕು ಬಾಯಿ-ಕಣ್ಣಿನ ತುಂಡು, ಹತ್ತು ಬೆನ್ನು ಅಥವಾ ಮುಚ್ಚಿದ ಕಣ್ಣು, ಆರು ಬಣ್ಣ ಅಂಟಿ ಕೆಟ್ಟದ್ದು ಅಂದುಕೊಳ್ಳಿ. ನೀವು ನಿಜವಾಗಿ ಇಟ್ಟುಕೊಳ್ಳುವುದು ಹತ್ತು. ಲಾಟ್‌ಗೆ 20,000 ರೂಪಾಯಿ, ಸಾಗಣೆ, ಸುಂಕ, ನಮ್ಮ ಪರವಾಗಿ ಹರಾಜಿನಲ್ಲಿ ಕೊಳ್ಳುವ ಮಧ್ಯವರ್ತಿ ಕಂಪನಿಯ ಕಮಿಷನ್ ಸೇರಿ ಇನ್ನೊಂದು 10,000 ಆದರೆ, ಒಂದೊಂದಕ್ಕೆ ಬಿದ್ದದ್ದು 3,000. ಒಂದು ಸೆಲ್ 750ಕ್ಕೇ ಬಂತು ಅಂತ ಲೆಕ್ಕ ಹೇಳಬೇಡಿ. ಆ 3,000ಕ್ಕೆ ಅದೇ ಪಾತ್ರದ ಒಳ್ಳೆ ಬಿಡಿ ಸೆಲ್ ಸಿಗುವ ಹಾಗಿದ್ದರೆ ಲಾಟ್ ಬೇಡ.

ಮಾರುವವರಿಂದ ಇನ್ನೂ ಎರಡು ಫೋಟೋ ಕೇಳಿ ಪಡೆಯಿರಿ. ಒಂದು ಹಿಂಬದಿಯದು, ಇನ್ನೊಂದು ಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ತೆಗೆದದ್ದು. ಬಣ್ಣ ಬಿರುಕು ಬಿಟ್ಟಿದ್ದರೆ, ಹಾಳೆ ಅಲೆಅಲೆಯಾಗಿದ್ದರೆ ಆ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಗೆರೆಗಳನ್ನೂ ನೋಡಿ. ಜಪಾನಿನ ಸೆಲ್‌ಗಳಲ್ಲಿ ಕಪ್ಪು ಗೆರೆಯನ್ನು ಸಾಮಾನ್ಯವಾಗಿ ಪೆನ್ಸಿಲ್ ಚಿತ್ರದಿಂದ ಟ್ರೇಸ್ ಮೆಷಿನ್ ಅನ್ನುವ ನಕಲು ಯಂತ್ರದಲ್ಲಿ ಇಳಿಸುತ್ತಿದ್ದರು. ವರ್ಷ ಕಳೆದಂತೆ ಅದು ಮಾಸುತ್ತದೆ. ಕಣ್ಣಿನ ಸುತ್ತಲ ಗೆರೆ ಮಾಸಿದ ಸೆಲ್‌ನಲ್ಲಿ ಮುಖದ ಜೀವವೇ ಹೋಗಿರುತ್ತದೆ, ನನ್ನ ಮಟ್ಟಿಗೆ ಅಂಥದ್ದು ಎಷ್ಟು ಅಗ್ಗಕ್ಕೂ ಬೇಡ.

ಅಕ್ಕ, ನಾವು ಮೂವರು ಗೆಳೆಯರು ದುಡ್ಡು ಹಾಕಿ ಒಂದು ದೊಡ್ಡ ಲಾಟ್ ತಗೊಳ್ಳೋಣ ಅಂತಿದ್ದೇವೆ. ಜಗಳ ಆಗದ ಹಾಗೆ ಹಂಚಿಕೊಳ್ಳೋದು ಹೇಗೆ?
— ಕಾಲೇಜು ವಿದ್ಯಾರ್ಥಿ, ವಿರಾಜಪೇಟೆ

ಒಳ್ಳೆ ಯೋಚನೆ ಕಣಪ್ಪಾ, ಮಾಡಿ. ಆದರೆ ದುಡ್ಡು ಹಾಕುವ ಮುಂಚೆಯೇ ಹಂಚಿಕೆ ಮಾತಾಡಿ. ಪಾರ್ಸೆಲ್ ಬಿಚ್ಚಿದ ಮೇಲೆ ಎಲ್ಲರ ಕಣ್ಣೂ ಅದೇ ಒಂದು ಹಾಳೆ ಮೇಲೆ ಬೀಳುತ್ತದೆ.

ಚೀಟಿ ಎತ್ತಿ ಸರದಿ ಮಾಡಿಕೊಳ್ಳಿ. ಒಂದು, ಎರಡು, ಮೂರು, ಆಮೇಲೆ ಮೂರು, ಎರಡು, ಒಂದು, ಹೀಗೆ ಆರಿಸುತ್ತಾ ಹೋಗಿ. ಕೊನೆಗೆ ಆರಿಸಿದವರಿಗೆ ಒಟ್ಟಿಗೆ ಎರಡು ಸಿಗುವುದರಿಂದ ಬೇಸರ ಇರಲ್ಲ. ಒಂದು ಮಾತ್ರ ನಡೆಸಿಕೊಡಿ: ಒಟ್ಟಿಗೆ ಒಂದೇ ಫ್ರೇಮ್ ಆಗುವ ಪದರಗಳನ್ನು ಬೇರೆ ಮಾಡಬೇಡಿ. ಎ 3ರ ಮೇಲೆ ಬಿ 7 ಕೂತರೆ ಅದು ಒಂದೇ ಆಯ್ಕೆ. ಯಾವುದರ ಮೇಲೆ ಯಾವುದು ಕೂರುತ್ತದೆ ಅಂತ ತಿಳಿಯಲು ಆ ದೃಶ್ಯ ಬರುವ ಟೀವಿ ಕಂತನ್ನು ಹಾಕಿ, ಒಂದೊಂದೇ ಫ್ರೇಮ್ ಸರಿಸಿ ನೋಡಿ. ಕೈ ಎಷ್ಟು ಎತ್ತಿದ್ದಾಳೆ, ಬಾಯಿ ಎಷ್ಟು ತೆರೆದಿದೆ ಅಂತ ಹೋಲಿಸುತ್ತಾ ಹೋದರೆ, ಒಂದು ಕಡೆ ಪರದೆಯ ಮೇಲಿನ ಫ್ರೇಮ್ ಮತ್ತು ನಿಮ್ಮ ಕೈಯಲ್ಲಿರುವ ಹಾಳೆ ಸರಿಯಾಗಿ ಕೂಡಿಕೊಳ್ಳುತ್ತವೆ. ಈ ಹವ್ಯಾಸದಲ್ಲಿ ನನಗೆ ಇದಕ್ಕಿಂತ ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ. ಆ ಫ್ರೇಮ್ ಕಂತಿನಲ್ಲಿ ಎಷ್ಟನೇ ನಿಮಿಷ-ಸೆಕೆಂಡಿಗೆ ಬರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಸೆಲ್ ಜೊತೆ ಇಡಿ.

ಜೊತೆಗೆ ಬರುವ ಪೆನ್ಸಿಲ್ ಚಿತ್ರದ ಕಾಗದವನ್ನು ಡೌಗಾ ಅನ್ನುತ್ತಾರೆ. ಅದು ಅದೇ ನಂಬರಿನ ಸೆಲ್ ತಗೊಂಡವರಿಗೇ ಹೋಗಬೇಕು.

ಹೋದ ವರ್ಷ ತಗೊಂಡ ಲಾಟ್ ಈ ಮಳೆಗಾಲ ಮುಗಿಯುವ ಹೊತ್ತಿಗೆ ವಿನೆಗರ್ ವಾಸನೆ ಹೊಡೆಯುತ್ತಿದೆ. ಬಂದ ಪ್ಯಾಕೆಟ್‌ನಲ್ಲೇ ಟ್ರಂಕಿನಲ್ಲಿ ಇಟ್ಟಿದ್ದೆ. ಏನು ಮಾಡಲಿ?
— ಗೃಹಿಣಿ, ನಾಪೋಕ್ಲು

ಇವತ್ತೇ ಟ್ರಂಕ್ ಬಿಚ್ಚಿ. ಬಹಳಷ್ಟು ಸೆಲ್‌ಗಳು ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. ಸೆಖೆ ಮತ್ತು ತೇವ ಸೇರಿದರೆ ಅದು ಒಡೆದು ಅಸಿಟಿಕ್ ಆಸಿಡ್ ಬಿಡುತ್ತದೆ. ನೀವು ಮೂಸುತ್ತಿರುವುದು ಅದನ್ನೇ. ಆ ಆಸಿಡ್ ಮತ್ತೆ ಆ ಹಾಳೆಯನ್ನೇ ಇನ್ನೂ ಬೇಗ ಕೆಡಿಸುತ್ತದೆ, ಪಕ್ಕದ ಹಾಳೆಗೂ ಹರಡುತ್ತದೆ. ಆಮೇಲೆ ಹಾಳೆ ಕುಗ್ಗಿ ಸೊಟ್ಟಗಾಗುತ್ತದೆ, ಬಣ್ಣ ಕಿತ್ತು ಬರುತ್ತದೆ. ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ, ಆದರೆ ನಿಧಾನ ಮಾಡಬಹುದು. ಹಾಗಾಗಿ ಗಾಬರಿ ಬೇಡ, ತಡವೂ ಬೇಡ.

ಒಂದೊಂದಾಗಿ ಮೂಸಿ ನೋಡಿ. ವಾಸನೆ ಇರುವುದನ್ನು ಬೇರೆ ಕೋಣೆಗೆ ಹಾಕಿ. ವಾಸನೆ ಇಲ್ಲದ್ದು ಒಳ್ಳೆಯದೇ ಅಂತ ಹೇಳಲಾಗದು, ಅದಕ್ಕೆ ಎ-ಡಿ ಸ್ಟ್ರಿಪ್ ಅನ್ನುವ ಕಾಗದದ ಪಟ್ಟಿ ಸಿಗುತ್ತದೆ. ಸೆಲ್ ಪಕ್ಕ ಇಟ್ಟರೆ ನೀಲಿಯಿಂದ ಹಸಿರಿಗೆ, ಕೊನೆಗೆ ಹಳದಿಗೆ ತಿರುಗಿ ಆಸಿಡ್ ಎಷ್ಟಿದೆ ಅಂತ ತೋರಿಸುತ್ತದೆ. ದೊಡ್ಡ ಲಾಟ್ ಕೊಳ್ಳುವವರು ಇದನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಕು. ಬೇರೆ ಬೇರೆ ಮನೆ, ಬೇರೆ ಬೇರೆ ಊರಿನ ಹಾಳೆಗಳು ಒಂದೇ ಡಬ್ಬದಲ್ಲಿ ಬಂದಿರುತ್ತವೆ ನೋಡಿ. ಹೊಸ ಲಾಟನ್ನು ಹಳೇ ಸಂಗ್ರಹದ ಜೊತೆ ಸೇರಿಸುವ ಮುಂಚೆ ಕೆಲವು ವಾರ ಬೇರೆಯೇ ಇಡಿ.

ಈಗ ನಮ್ಮ ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಪೋಕ್ಲು, ಭಾಗಮಂಡಲ, ಮಡಿಕೇರಿ ಕಡೆ ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಸೆಲ್‌ಗೆ ಬೇಕಾದ ತೇವಾಂಶ ಶೇಕಡಾ 40ರಿಂದ 50ರ ಆಸುಪಾಸು. ಸುಮ್ನೆ ಇಟ್ಟರೆ ನಮ್ಮ ಮನೆಗಳಲ್ಲಿ ಅದು ಸಾಧ್ಯವೇ ಇಲ್ಲ. ಮನೆಯ ಒಳಗಿನ ಕೋಣೆ ಆರಿಸಿ, ಹೊರಗೋಡೆಗೆ ತಾಗಿದ ಬೀರು ಬೇಡ. ಹಳೇ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗೆ ಒಣಗಿರುತ್ತದೆ ಅಂತ ಅಲ್ಲಿ ಇಡುವವರಿದ್ದಾರೆ. ದಯವಿಟ್ಟು ಇಡಬೇಡಿ. ಕಾವು ಮತ್ತು ಹೊಗೆ ಎರಡೂ ಸೆಲ್‌ಗೆ ಶತ್ರು. ಕೈಲಾದರೆ ಡಿಹ್ಯೂಮಿಡಿಫೈಯರ್ ಹಾಕಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ, ಅದಕ್ಕೆ ಸಿಲಿಕಾ ಜೆಲ್ ಕೂಡ ಇರಲಿ. ಬಣ್ಣ ಬದಲಾಯಿಸುವ ಮಣಿ ತಗೊಂಡರೆ ಯಾವಾಗ ಕಾಯಿಸಿ ಒಣಗಿಸಬೇಕು ಅಂತ ಗೊತ್ತಾಗುತ್ತದೆ. ತೇವ ಅಳೆಯುವ ಚಿಕ್ಕ ಮೀಟರ್ ಡಬ್ಬದೊಳಗೆ ಹಾಕಿಡಿ. ಅತಿಯಾಗಿ ಒಣಗಿದರೂ ಕಷ್ಟ, ಬಣ್ಣ ಬಿರುಕು ಬಿಡುತ್ತದೆ. ಡಬ್ಬವನ್ನು ತಿಂಗಳುಗಟ್ಟಲೆ ಬಿಗಿಯಾಗಿ ಮುಚ್ಚಿಡಬೇಡಿ, ಆಸಿಡ್ ಗಾಳಿ ಒಳಗೇ ಕೂಡಿಕೊಳ್ಳುತ್ತದೆ. ಮಳೆ ಬಿಟ್ಟ ದಿನ ತೆರೆದು ಗಾಳಿ ಆಡಿಸಿ.

ಹಾಳೆ ಒಂದಕ್ಕೆ ಒಂದು ಕವರ್. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಬೇಕು. ಅಂಗಡಿಯ ಪಿವಿಸಿ ಫೈಲ್ ಕವರ್ ಬೇಡ. ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಬಣ್ಣ ಕವರಿಗೆ ಅಂಟುತ್ತದೆ. ಲ್ಯಾಮಿನೇಷನ್ ಮಾಡಿಸುವ ಯೋಚನೆ ಬಂದರೆ ಅಲ್ಲೇ ಬಿಡಿ, ಆ ಕಾವಿಗೆ ಸೆಲ್ ಸತ್ತೇ ಹೋಗುತ್ತದೆ.

ಇದೇ ಕಾರಣಕ್ಕೆ ನಾನು ಎಲ್ಲರಿಗೂ ಹೇಳುವುದು: ಒಂದು ಮಳೆಗಾಲ ಕಾಪಾಡಲು ಆಗುವಷ್ಟೇ ಕೊಳ್ಳಿ. ದೊಡ್ಡ ಲಾಟ್ ತರಿಸುವುದಿದ್ದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಕೈಗೆ ಬರುವ ಹಾಗೆ ನೋಡಿಕೊಳ್ಳಿ. ಜುಲೈನಲ್ಲಿ ಗೆದ್ದ ಹರಾಜಾದರೆ, ಪಾರ್ಸೆಲನ್ನು ಸ್ವಲ್ಪ ಕಾಲ ಅಲ್ಲೇ ಇಟ್ಟುಕೊಳ್ಳುತ್ತೀರಾ ಅಂತ ಮಧ್ಯವರ್ತಿ ಕಂಪನಿಯನ್ನು ಕೇಳಿ. ನೆನೆದ ರಟ್ಟಿನ ಪೆಟ್ಟಿಗೆಗಿಂತ ಗೋದಾಮಿನ ಬಾಡಿಗೆ ವಾಸಿ.

ಡೌಗಾ ಕಾಗದ ಸೆಲ್‌ನ ಹಿಂಬದಿಗೆ ಅಂಟಿಕೊಂಡಿದೆ. ಎಳೆದು ತೆಗೆಯಬಹುದಾ?
— ಓದುಗರು, ಗೋಣಿಕೊಪ್ಪ

ಬೇಡವೇ ಬೇಡ. ಕಾಗದದ ಜೊತೆ ಬಣ್ಣ ಎದ್ದು ಬರುತ್ತದೆ. ಹಾಗೇ ಬಿಡಿ, ಮುಂಬದಿಯಿಂದ ಚಿತ್ರ ಚೆನ್ನಾಗೇ ಕಾಣುತ್ತದೆ. ಅಂಟಿದ ಸೆಲ್‌ಗೆ ಬೆಲೆ ಸ್ವಲ್ಪ ಕಮ್ಮಿ, ಆದರೆ ಕಿತ್ತು ಕೆಡಿಸಿದ್ದಕ್ಕೆ ಬೆಲೆಯೇ ಇಲ್ಲ.

ಪಾರ್ಸೆಲ್ ಮೇಲೆ ಗಿಫ್ಟ್ ಅಂತ ಬರೆಸಿದರೆ ಸುಂಕ ಉಳಿಯುತ್ತದೆ ಅಂತಾರೆ. ನಿಜವಾ?
— ಓದುಗರು, ಸೋಮವಾರಪೇಟೆ

ಬರೆಸಬೇಡಿ. ದುಡ್ಡು ಕೊಟ್ಟು ಕೊಂಡದ್ದನ್ನು ಗಿಫ್ಟ್ ಅನ್ನುವುದು ಕಸ್ಟಮ್ಸ್‌ಗೆ ಸುಳ್ಳು ಹೇಳಿದ ಹಾಗೆ. ಸಿಕ್ಕಿಬಿದ್ದರೆ ದಂಡ, ಪಾರ್ಸೆಲ್ ಕೂಡ ಹೋಗಬಹುದು. ಬೆಲೆ ಕಮ್ಮಿ ತೋರಿಸಿದರೆ ಕಳೆದುಹೋದಾಗ ವಿಮೆಯೂ ಅಷ್ಟಕ್ಕೇ ಸಿಗುತ್ತದೆ. ಹರಾಜಿನ ರಸೀದಿ ಇಟ್ಟುಕೊಳ್ಳಿ, ಕೊರಿಯರ್‌ನವರು ಕೆವೈಸಿ ಕೇಳಿದಾಗ ಬೇಗ ಕೊಡಿ. ಸುಂಕ ಹಾಕುವುದು ವಸ್ತುವಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತಕ್ಕೆ. ಹರಾಜಿನಲ್ಲಿ ಕೂಗುವ ಮುಂಚೆಯೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಡಿಸ್ನಿಯ 1995ರ ನಂತರದ ಸಿನಿಮಾದ ಸೆಲ್‌ಗಳ ಲಾಟ್ ಒಬ್ಬರು ಮಾರುತ್ತಿದ್ದಾರೆ. ಒರಿಜಿನಲ್ ಇರಬಹುದಾ?
— ಓದುಗರು, ಕುಶಾಲನಗರ

ಸಿನಿಮಾ ತೆಗೆಯಲು ಬಳಸಿದ್ದು ಆಗಿರಲು ಸಾಧ್ಯವಿಲ್ಲ. ಡಿಸ್ನಿಯ ದೊಡ್ಡ ಸಿನಿಮಾಗಳಲ್ಲಿ ಕೈಯಿಂದ ಬಣ್ಣ ಹಚ್ಚಿದ ಸೆಲ್ ಕೊನೆಯದಾಗಿ ಬಳಸಿದ್ದು 1989ರ ‘ದಿ ಲಿಟಲ್ ಮರ್ಮೇಡ್’ಗೆ. 1990ರಿಂದ ಬಣ್ಣ ಹಚ್ಚುವ ಕೆಲಸ ಕಂಪ್ಯೂಟರ್‌ಗೆ ಹೋಯಿತು. ನಿಮಗೆ ತೋರಿಸಿದ್ದು ಸೆರಿಸೆಲ್ ಇರಬೇಕು, ಅಂದರೆ ಮಾರಾಟಕ್ಕಾಗಿಯೇ ಸ್ಕ್ರೀನ್ ಪ್ರಿಂಟ್ ಮಾಡಿದ ಹಾಳೆ. ಗೋಡೆಗೆ ಹಾಕಲು ಚೆಂದವೇ, ಆದರೆ ಒರಿಜಿನಲ್ ಬೆಲೆ ಕೊಡಬೇಡಿ. ಹಾಳೆ ಅಲುಗದ ಹಾಗೆ ಪೆಗ್ (ಚಿಕ್ಕ ಗೂಟ) ಕೂರಿಸುವ ತೂತು, ಮೂಲೆಯಲ್ಲಿ ಕೈಬರಹದ ನಂಬರ್, ಹಿಂಬದಿಯಲ್ಲಿ ಬ್ರಷ್ಷಿನ ಗುರುತು ಇವೆಯಾ ನೋಡಿ. ಜಪಾನಿನಲ್ಲಿ ಮಾತ್ರ ಸೆಲ್ ಇನ್ನೂ ಕೆಲವು ವರ್ಷ ನಡೆಯಿತು. ‘ಸಜಾಯೆ-ಸಾನ್’ ಅನ್ನುವ ಟೀವಿ ಸರಣಿ 2013ರವರೆಗೂ ಸೆಲ್ ಬಿಡಲಿಲ್ಲ.

ನನ್ನ ಹತ್ತಿರ ಇರುವ ಸೆಲ್‌ನ ಚಿತ್ರವನ್ನು ಟೀ ಶರ್ಟ್ ಮೇಲೆ ಹಾಕಿಸಿ ಮಡಿಕೇರಿ ದಸರಾದಲ್ಲಿ ಮಾರಬಹುದಾ?
— ಓದುಗರು, ಮಡಿಕೇರಿ

ಇಲ್ಲ. ಹಾಳೆ ನಿಮ್ಮದು, ಚಿತ್ರದ ಹಕ್ಕು ಸ್ಟುಡಿಯೋದವರದ್ದೇ. ಆ ಸೆಲ್ಲನ್ನು ಇನ್ನೊಬ್ಬರಿಗೆ ಮಾರಬಹುದು, ಪ್ರದರ್ಶನಕ್ಕೆ ಇಡಬಹುದು, ಅದರ ಪ್ರಿಂಟ್ ಮಾಡಿ ವ್ಯಾಪಾರ ಮಾಡುವಂತಿಲ್ಲ. ಪ್ರದರ್ಶನಕ್ಕೆ ಇಡುವುದಾದರೆ ಬಿಸಿಲು, ಫೋಕಸ್ ಲೈಟು ನೇರ ಬೀಳದ ಕಡೆ ಇಡಿ. ದಸರಾ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಫ್ರೇಮಿನ ಗಾಜು ಬಣ್ಣಕ್ಕೆ ತಾಗದ ಹಾಗೆ ನಡುವೆ ರಟ್ಟಿನ ಅಂಚು ಕೊಡಿಸಿ.